ಮಕ್ಕಳ ಊಟ, ಆಟ ಮತ್ತು ಮನೆ: ತಾಯಂದಿರಿಗೆ ಕೆಲವು ಮಾತುಗಳು

(ಬ್ಯಾಡಗಿಯ ತಾಯಂದಿರ ಸಭೆಯಲ್ಲಿ ಮಕ್ಕಳ ವೈದ್ಯರು ಆಡಿದ ಮಾತುಗಳ ಬರಹ ರೂಪ)



ಇವತ್ತು ಸೋಮವಾರವೂ ಅಲ್ಲ, ಗುರುವಾರವೂ ಅಲ್ಲ. ಅದಕ್ಕೇ ಇಷ್ಟು ಜನ ಸೇರಿದ್ದೀರಿ. ಮೆಣಸಿನಕಾಯಿ ಪೇಟೆಯ ದಿನ ಈ ಸಭೆ ಇಟ್ಟುಕೊಂಡಿದ್ದರೆ ನಾನು ಖುರ್ಚಿಗಳಿಗೆ ಉಪನ್ಯಾಸ ಮಾಡಬೇಕಾಗುತ್ತಿತ್ತು. ಬ್ಯಾಡಗಿಯಲ್ಲಿ ಮನೆಯ ದಿನಚರಿಯನ್ನು ನಿಶ್ಚಯಿಸುವುದು ಗೋಡೆಯ ಮೇಲಿನ ಕ್ಯಾಲೆಂಡರ್ ಅಲ್ಲ, ಮಾರುಕಟ್ಟೆಯ ಅಂಗಳ ಎಂಬುದು ನಮಗೆಲ್ಲ ಗೊತ್ತಿದ್ದ ಮಾತು. ಸುಗ್ಗಿಯ ತಿಂಗಳುಗಳಲ್ಲಿ ತಾಯಿ ಬೆಳಕು ಹರಿಯುವ ಮೊದಲೇ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ತಂದೆ ಹಮಾಲಿಗೋ, ದಲಾಲಿ ಅಂಗಡಿಗೋ, ಹೊಲಕ್ಕೋ ಹೋಗುತ್ತಾನೆ. ಮಗು ಅಜ್ಜಿಯ ಹತ್ತಿರ ಇರುತ್ತದೆ, ಇಲ್ಲವೆ ತಾಯಿಯ ಸಂಗಡ ಹೋಗಿ ಚೀಲದ ಮೇಲೆ ಮಲಗುತ್ತದೆ. ಇದನ್ನು ತಪ್ಪೆಂದು ಹೇಳಲು ನಾನು ಬಂದಿಲ್ಲ. ದುಡಿಯದಿದ್ದರೆ ಒಲೆ ಉರಿಯುವುದಿಲ್ಲ. ಈ ದಿನಚರಿಯೊಳಗೇ ಮಗುವಿನ ಊಟ ಮತ್ತು ಆಟಕ್ಕೆ ಜಾಗ ಮಾಡುವುದು ಹೇಗೆ ಎಂಬುದಷ್ಟೇ ಇವತ್ತಿನ ವಿಷಯ.

ಒಂದು ಹೆಣ್ಣು ಕೂಸಿನ ಸಂಗತಿಯಿಂದ ಆರಂಭಿಸುತ್ತೇನೆ. ಹೆಸರು, ಓಣಿ ಹೇಳುವುದಿಲ್ಲ. ಅವರ ಬೀಗರು-ಬಿಜ್ಜರು ಇಲ್ಲಿಯೇ ಕುಳಿತಿರಬಹುದು.

ಆ ಕೂಸಿಗೆ ಆಗ ಮೂರು ವರ್ಷ. ಅಜ್ಜಿ ಕರೆದುಕೊಂಡು ಬಂದಿದ್ದರು. "ಊಟಾನ ಮಾಡಂಗಿಲ್ಲರೀ ಸಾಹೇಬ್ರ. ಒಂದ್ ಛಲೋ ಟಾನಿಕ್ ಬರದು ಕೊಡ್ರಿ" ಎಂದರು. ಮಗು ಅಜ್ಜಿಯ ಭುಜದ ಮೇಲೆ ತಲೆ ಇಟ್ಟುಕೊಂಡೇ ಇತ್ತು. ಮೂರು ವರ್ಷದ ಮಗು ಹೊಸ ಜಾಗಕ್ಕೆ ಬಂದರೆ ಮೇಜಿನ ಮೇಲಿನ ವಸ್ತು ಎಳೆಯಬೇಕು, ಬಾಗಿಲ ಸಂದಿಯಲ್ಲಿ ಇಣುಕಬೇಕು, ಸೂಜಿ ಕಂಡರೆ ಕೂಗಬೇಕು. ಇದು ಯಾವುದನ್ನೂ ಮಾಡಲಿಲ್ಲ. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು. ಅಂಗೈಯಲ್ಲೂ ಕೆಂಪಿರಲಿಲ್ಲ. ಮುಷ್ಟಿಯಲ್ಲಿ ಏನೋ ಹಿಡಿದುಕೊಂಡಿತ್ತು, ಬಿಡಿಸಿ ನೋಡಿದರೆ ಅರ್ಧ ಕಡಿದ ಬಳಪ. ತೂಕ ಹತ್ತು ಕಿಲೋ ಚಿಲ್ಲರೆ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.2 ಗ್ರಾಂ ಬಂದಿತು. ಆ ವಯಸ್ಸಿಗೆ ಕನಿಷ್ಠ 11 ಇರಬೇಕು.

"ನಿನ್ನೆ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದಿದೆ, ಒಂದೊಂದೇ ಹೇಳಿ" ಎಂದು ಅಜ್ಜಿಯನ್ನು ಕೇಳಿದೆ. ಎದ್ದ ಕೂಡಲೇ ಚಹಾ, ಎರಡು ಟೋಸ್ಟ್. ಒಂಬತ್ತು ಗಂಟೆಗೆ ಅಳು ಹಿಡಿಯಿತೆಂದು ಅಂಗಡಿಯಿಂದ ಐದು ರೂಪಾಯಿಯ ಕುರುಕಲು ಪಾಕೀಟು. ಹನ್ನೊಂದಕ್ಕೆ ಅಜ್ಜಿ ಚಹಾ ಕುಡಿಯುವಾಗ ಅದಕ್ಕೂ ಅರ್ಧ ಬಸಿ ಚಹಾ, ಬಿಸ್ಕೀಟು. ಮಧ್ಯಾಹ್ನ ಎರಡು ತುತ್ತು ಅನ್ನ, ಸಾರಿನ ಮೇಲಿನ ತಿಳಿ. ನಾಲ್ಕು ಗಂಟೆಗೆ ಮತ್ತೆ ಚಹಾ. ಸಂಜೆ ಮತ್ತೊಂದು ಪಾಕೀಟು. ರಾತ್ರಿ ತಾಯಿ ಬರುವಷ್ಟರಲ್ಲಿ ಮಗು ತೂಕಡಿಸುತ್ತಿತ್ತು. "ಚಹಾದಾಗ ಹಾಲು ಹಾಕಿರ್ತೇವಲ್ಲರೀ, ಬರೇ ಚಹಾ ಅಲ್ರಿ" ಎಂದು ಅಜ್ಜಿ ಸೇರಿಸಿದರು.

ನೋಡಿ, ಆ ಮನೆಯಲ್ಲಿ ಬಡತನ ಇತ್ತು, ಉಪವಾಸ ಇರಲಿಲ್ಲ. ಜೋಳ ಇತ್ತು, ಶೇಂಗಾ ಇತ್ತು, ಹೆಸರು ಕಾಳು ಇತ್ತು, ಹಿತ್ತಲಲ್ಲಿ ನುಗ್ಗೆ ಗಿಡ ಇತ್ತು. ಪ್ರೀತಿಯೂ ಇತ್ತು, ಪಾಕೀಟು ಕೊಡಿಸಿದ್ದು ಪ್ರೀತಿಯಿಂದಲೇ. ಆದರೆ ಮಗುವಿಗೆ ಹಸಿವೆ ಆಗಲು ಯಾರೂ ಬಿಟ್ಟಿರಲಿಲ್ಲ. ಎರಡು ತಾಸಿಗೊಮ್ಮೆ ಸಕ್ಕರೆ, ಮೈದಾ, ಎಣ್ಣೆ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಬೀಳುತ್ತಿದ್ದರೆ ಊಟದ ಹೊತ್ತಿಗೆ ಹಸಿವೆ ಎಲ್ಲಿಂದ ಬರಬೇಕು? ಮೂರು ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ಅದರಲ್ಲಿ ಚಹಾ ತುಂಬಿದರೆ ರೊಟ್ಟಿಗೆ ಜಾಗವಿರುವುದಿಲ್ಲ.

ಚಹಾದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ತಿನ್ನುವ ಕಾಳು, ಸೊಪ್ಪು, ರೊಟ್ಟಿಯಲ್ಲಿ ಕಬ್ಬಿಣದ ಅಂಶ ಇರುತ್ತದೆ. ರಕ್ತದ ಕೆಂಪು ತಯಾರಾಗುವುದು ಅದರಿಂದಲೇ. ಚಹಾದಲ್ಲಿರುವ ಒಗರು ಈ ಕಬ್ಬಿಣವನ್ನು ಕರುಳಿನಲ್ಲಿಯೇ ಹಿಡಿದಿಟ್ಟು ರಕ್ತಕ್ಕೆ ಹೋಗದಂತೆ ತಡೆಯುತ್ತದೆ. ಊಟದ ಜೊತೆಗೆ ಇಲ್ಲವೆ ಊಟದ ಹಿಂದೆ-ಮುಂದೆ ಚಹಾ ಕೊಟ್ಟರೆ ಅಷ್ಟರಮಟ್ಟಿಗೆ ಊಟ ನಿರರ್ಥಕವಾಗುತ್ತದೆ. ಇದಕ್ಕೆ ತದ್ವಿರುದ್ಧವಾದುದು ಲಿಂಬೆಹಣ್ಣು. ಬೇಳೆಯ ಮೇಲೆ, ಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡಿದರೆ ಅದೇ ಕಬ್ಬಿಣ ಹೆಚ್ಚು ಪ್ರಮಾಣದಲ್ಲಿ ಮೈಗೆ ಹತ್ತುತ್ತದೆ. ಪೇರಲಹಣ್ಣು, ನೆಲ್ಲಿಕಾಯಿ ಕೂಡ ಇದೇ ಕೆಲಸ ಮಾಡುತ್ತವೆ. ಮಕ್ಕಳಿಗೆ ಚಹಾ ಬೇಡವೇ ಬೇಡ. ಬಸಿಯಲ್ಲಿ ಒಂದು ಗುಟುಕು ಎಂದು ರೂಢಿ ಮಾಡಿಸುವುದೂ ಬೇಡ. ದೊಡ್ಡವರಾದ ನೀವೂ ಊಟ ಮಾಡಿ ಒಂದು ತಾಸು ಬಿಟ್ಟು ಕುಡಿದರೆ ಒಳ್ಳೆಯದು, ಮುಖ್ಯವಾಗಿ ಬಸುರಿಯರು.

ಬಳಪ, ಮಣ್ಣು, ಗೋಡೆಯ ಸುಣ್ಣ ತಿನ್ನುವ ಮಕ್ಕಳಿಗೆ ಹೊಡೆಯುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಹೊಡೆಯಬೇಡಿ. ಬಹಳಷ್ಟು ಸಲ ಅದು ಕೆಟ್ಟ ಚಟವಲ್ಲ, ರಕ್ತ ಕಡಿಮೆಯಾಗಿದೆ ಎಂಬುದರ ಸೂಚನೆ. ರಕ್ತ ಸರಿಯಾದರೆ ಅನೇಕ ಮಕ್ಕಳಲ್ಲಿ ಅದು ತಾನಾಗಿಯೇ ಬಿಟ್ಟುಹೋಗುತ್ತದೆ.

ಇದು ಒಂದು ಮನೆಯ ಕಥೆಯಾಗಿದ್ದರೆ ಸಭೆ ಕರೆಯಬೇಕಾಗಿರಲಿಲ್ಲ. 2019-21ರಲ್ಲಿ ದೇಶದಾದ್ಯಂತ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ಶೇಕಡಾ 67. ನಮ್ಮ ಕರ್ನಾಟಕದಲ್ಲಿ ಶೇಕಡಾ 65.5. ಅಂದರೆ ನಿಮ್ಮ ತೊಡೆಯ ಮೇಲೆ ಕುಳಿತಿರುವ ಮೂರು ಮಕ್ಕಳಲ್ಲಿ ಇಬ್ಬರು. ರಕ್ತಹೀನತೆ ಎಂದರೆ ಬರಿ ಸುಸ್ತು ಅಷ್ಟೇ ಅಲ್ಲ. ಮೊದಲ ಎರಡು-ಮೂರು ವರ್ಷಗಳಲ್ಲಿ ಮಿದುಳು ಬೆಳೆಯುವ ವೇಗಕ್ಕೆ ಕಬ್ಬಿಣದ ಅಂಶ ಬೇಕೇ ಬೇಕು. ಆಗ ಕಡಿಮೆಯಾದದ್ದನ್ನು ಮುಂದೆ ಶಾಲೆಗೆ ಹಚ್ಚಿದ ಮೇಲೆ ಟ್ಯೂಷನ್ ಇಟ್ಟು ತುಂಬಲು ಬರುವುದಿಲ್ಲ.

ಆ ಕೂಸಿಗೆ ನಾವು ಕಬ್ಬಿಣದ ಸಿರಪ್ ಬರೆದುಕೊಟ್ಟೆವು, ಜಂತಿನ ಔಷಧ ಕೊಟ್ಟೆವು. ಔಷಧ ಬೇಕಾಗಿತ್ತು, ರಕ್ತ 7ಕ್ಕೆ ಇಳಿದಾಗ ಸೊಪ್ಪು ತಿನ್ನಿಸಿ ಏರಿಸುತ್ತೇನೆಂದು ಕುಳಿತರೆ ಆಗುವುದಿಲ್ಲ. ಸಿರಪ್ ಕುಡಿದರೆ ಮಲ ಕಪ್ಪಾಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ರಕ್ತದ ಪ್ರಮಾಣ ಸರಿಯಾದ ಮೇಲೂ ಎರಡು-ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ, ಏಕೆಂದರೆ ಮೈಯಲ್ಲಿ ಸಂಗ್ರಹ ತುಂಬಬೇಕು. ಆದರೆ ಸಿರಪ್ ಜೊತೆಗೆ ಮನೆಯ ತಾಟು ಬದಲಾಗದಿದ್ದರೆ ವರ್ಷದೊಳಗೆ ಮತ್ತೆ ಅದೇ ಸ್ಥಿತಿ.

ಅಜ್ಜಿಗೆ ನಾನು ಚಾರ್ಟು ಕೊಡಲಿಲ್ಲ. ಅವರಿಗೆ ಓದಲು ಬರುತ್ತಿರಲಿಲ್ಲ, ಬಂದಿದ್ದರೂ ಚಾರ್ಟು ಗೋಡೆಗೆ ಅಂಟುತ್ತದೆಯೇ ಹೊರತು ಹೊಟ್ಟೆಗೆ ಹೋಗುವುದಿಲ್ಲ. "ನಿಮ್ಮ ಮಕ್ಕಳು ಸಣ್ಣವರಿದ್ದಾಗ ಏನು ಮಾಡಿ ಹಾಕುತ್ತಿದ್ದಿರಿ?" ಎಂದು ಕೇಳಿದೆ. ಅಜ್ಜಿಯ ಮುಖ ಅರಳಿತು. ಬಿಸಿ ರೊಟ್ಟಿ ಮುರಿದು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಒಂದು ಚಮಚ ತುಪ್ಪ ಹಾಕಿ ಕುಟ್ಟಿ ಮುಟಗಿ ಮಾಡುತ್ತಿದ್ದರಂತೆ. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಮಜ್ಜಿಗೆ ಕಲಿಸಿ ಉಣ್ಣಿಸುತ್ತಿದ್ದರಂತೆ. ಹೆಸರುಬೇಳೆ ಹಾಕಿದ ಕಿಚಡಿ, ಶೇಂಗಾ ಮತ್ತು ಬೆಲ್ಲ ಕುಟ್ಟಿದ ಉಂಡಿ. "ಈಗ ಯಾಕೆ ಮಾಡುವುದಿಲ್ಲ?" ಎಂದರೆ, "ಈಗಿನ ಹುಡುಗ್ರು ತಿನ್ನಂಗಿಲ್ರಿ" ಎಂದರು. ಈಗಿನ ಹುಡುಗರು ಬೇರೆ ಹೊಟ್ಟೆ ಹೊತ್ತುಕೊಂಡು ಹುಟ್ಟಿಲ್ಲ ಅಜ್ಜಿ, ಪಾಕೀಟು ಎರಡು ವಾರ ಬಂದ್ ಮಾಡಿ ನೋಡಿ ಎಂದೆ.

ಇಲ್ಲಿ ನಮ್ಮ ಊರಿನದೇ ಆದ ಒಂದು ಅಡಚಣೆ ಇದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರ ಹೆಸರು ಇರುವುದು ಬಣ್ಣಕ್ಕೆ. ಖಾರ ಕಡಿಮೆ, ಕೆಂಪು ಹೆಚ್ಚು. ಅದರಿಂದ ತೆಗೆದ ಬಣ್ಣದ ಎಣ್ಣೆ ತುಟಿಗೆ ಹಚ್ಚುವ ಬಣ್ಣದವರೆಗೆ ಹೋಗುತ್ತದೆ. ಖಾರ ಕಡಿಮೆ ಎಂಬ ಧೈರ್ಯದಿಂದಲೇ ನಾವು ಪಲ್ಯಕ್ಕೆ, ಸಾರಿಗೆ ಕೈ ಬಿಚ್ಚಿ ಹಾಕುತ್ತೇವೆ. ದೊಡ್ಡವರ ನಾಲಿಗೆಗೆ ಅದು ರುಚಿ, ಒಂದೂವರೆ-ಎರಡು ವರ್ಷದ ಮಗುವಿಗೆ ಅದೇ ಬೆಂಕಿ. ಒಂದು ಸಲ ಬಾಯಿ ಉರಿದ ಮಗು ಮರುದಿನ ತಾಟು ಕಂಡರೆ ಮುಖ ತಿರುಗಿಸುತ್ತದೆ. ಆಗ ನಾವು ಮಗುವಿಗೆ ಬರಿ ಅನ್ನ, ಬರಿ ಹಾಲು, ಬಿಸ್ಕೀಟು ಕೊಡುತ್ತೇವೆ. ಮನೆಯವರ ತಾಟಿನಲ್ಲಿ ಕಾಳು, ಸೊಪ್ಪು, ರೊಟ್ಟಿ ಇರುತ್ತದೆ. ಮಗುವಿನ ತಾಟಿನಲ್ಲಿ ಬಿಳಿ ಅನ್ನ ಮಾತ್ರ.

ಉಪಾಯ ಬಹಳ ಸರಳ. ಬೇಳೆ ಬೆಂದ ಮೇಲೆ, ಖಾರ ಹಾಕುವ ಮುಂಚೆ ಒಂದು ಬಟ್ಟಲು ತೆಗೆದಿಡಿ. ಪಲ್ಯಕ್ಕೂ ಹಾಗೆಯೇ. ಅದಕ್ಕೆ ಚಿಟಿಕೆ ಉಪ್ಪು, ಜೀರಿಗೆ, ಸ್ವಲ್ಪ ತುಪ್ಪ ಸಾಕು. ಬೇರೆ ಒಲೆ ಹೊತ್ತಿಸಬೇಕಾಗಿಲ್ಲ, ಬೇರೆ ಅಡುಗೆ ಮಾಡಬೇಕಾಗಿಲ್ಲ. ಬೆಳಗ್ಗೆ ಐದು ಗಂಟೆಗೆ ರೊಟ್ಟಿ ಬಡಿಯುವ ತಾಯಿಗೆ ಇದರಿಂದ ಎರಡು ನಿಮಿಷದ ಕೆಲಸ ಹೆಚ್ಚಾಗಬಹುದು, ಅಷ್ಟೇ. ಒಂದು ವರ್ಷ ದಾಟಿದ ಮಗುವಿಗೆ ಮನೆಯವರು ತಿನ್ನುವುದನ್ನೆಲ್ಲ ಮೆತ್ತಗೆ ಮಾಡಿ ಕೊಡಬಹುದು. ಆರು ತಿಂಗಳವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆರು ತಿಂಗಳ ನಂತರ ಎದೆಹಾಲಿನ ಜೊತೆಗೆ ಮೆತ್ತಗಿನ ಊಟ. ಎದೆಹಾಲು ಎರಡು ವರ್ಷದವರೆಗೂ, ಅದರ ಆಚೆಗೂ ಕೊಡಬಹುದು.

ನಮ್ಮ ಸೀಮೆಯ ಧಾನ್ಯಗಳನ್ನು ನಾವೇ ಹಗುರ ಮಾಡಿ ನೋಡುತ್ತೇವೆ. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6ರಿಂದ 8 ಮಿಲಿಗ್ರಾಂ ಕಬ್ಬಿಣದ ಅಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಕಷ್ಟ. ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅದೇ ತೂಕದ ಹಾಲಿನಲ್ಲಿ ಸುಮಾರು 120. ಎಳ್ಳಿನಲ್ಲಿ ಸಾವಿರಕ್ಕೂ ಮಿಕ್ಕಿ. ಸಜ್ಜೆ ರೊಟ್ಟಿಯ ಮೇಲೆ ಎಳ್ಳು ಒತ್ತಿದ ನಮ್ಮ ಹಿರಿಯರಿಗೆ ಈ ಅಂಕಿ ಗೊತ್ತಿರಲಿಲ್ಲ, ರುಚಿ ಗೊತ್ತಿತ್ತು. ರಾಜಗಿರಿ, ಮೆಂತೆ, ಸಬ್ಬಸಿಗೆ, ನುಗ್ಗೆಸೊಪ್ಪು ಹೆಚ್ಚು ದುಡ್ಡಿನವಲ್ಲ. ಹೆಸರು, ಮಡಕಿ ಕಾಳನ್ನು ಮೊಳಕೆ ಬರಿಸಿ ಬೇಯಿಸಿದರೆ ಇನ್ನೂ ಒಳ್ಳೆಯದು. ಕೆಂಪಗಿರುವುದನ್ನು ತಿಂದರೆ ರಕ್ತ ಆಗುತ್ತದೆ ಎಂದು ಬೀಟ್‌ರೂಟ್, ದಾಳಿಂಬೆಗೆ ದುಡ್ಡು ಸುರಿಯುವವರಿದ್ದಾರೆ. ತಿನ್ನಲಿ, ಕೆಟ್ಟದ್ದಲ್ಲ. ಆದರೆ ಅವುಗಳಲ್ಲಿ ಕಬ್ಬಿಣದ ಅಂಶ ಕಡಿಮೆ. ಬಣ್ಣ ನೋಡಿ ರಕ್ತ ಆಗುವುದಾಗಿದ್ದರೆ ಬ್ಯಾಡಗಿಯಲ್ಲಿ ಯಾರಿಗೂ ರಕ್ತಹೀನತೆ ಇರಬಾರದಾಗಿತ್ತು.

ಹಾಲಿನ ಬಗ್ಗೆಯೂ ಒಂದು ಮಾತು. ಎಮ್ಮೆ ಕಟ್ಟಿದವರ ಮನೆಯ ಮಗುವಿಗೆ ರಕ್ತ ಹೇಗೆ ಕಡಿಮೆಯಾಯಿತು ಎಂದು ಕೆಲವರು ಕೇಳುತ್ತಾರೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಎರಡು ವರ್ಷದ ಮಗು ದಿನಕ್ಕೆ ಒಂದು ಲೀಟರ್ ಹಾಲು ಕುಡಿದರೆ ಹೊಟ್ಟೆ ತುಂಬುತ್ತದೆ, ಊಟ ಹೋಗುತ್ತದೆ. ದಿನಕ್ಕೆ ಅರ್ಧ ಲೀಟರಿನ ಒಳಗೆ ಸಾಕು. ವರ್ಷ ತುಂಬುವವರೆಗೆ ಮೇಲಿನ ಹಾಲು ಬೇಡ.

ಕೂಸು ಏನಾಯಿತು ಎಂದು ನೀವು ಕೇಳಬಹುದು. ಮೊದಲ ನಾಲ್ಕು ದಿನ ಪಾಕೀಟಿಗಾಗಿ ಅಂಗಡಿಯ ಮುಂದೆ ಬಿದ್ದು ಉರುಳಾಡಿತಂತೆ. ಅಜ್ಜಿ ಅಂಗಡಿಯ ದಾರಿ ಬಿಟ್ಟು ಹಿಂದಿನ ಓಣಿಯಿಂದ ಓಡಾಡಿದರು. ಐದನೆಯ ದಿನ ತಾನಾಗಿಯೇ ರೊಟ್ಟಿ ಕೇಳಿತು. ಒಂದು ತಿಂಗಳಿಗೆ ರಕ್ತ 8.6 ಆಯಿತು, ನಾಲ್ಕು ತಿಂಗಳಿಗೆ 11 ದಾಟಿತು. ಎರಡನೆಯ ಸಲ ಬಂದಾಗಲೇ ನನ್ನ ಮೇಜಿನ ಮೇಲಿದ್ದ ಪೆನ್ನಿನ ಡಬ್ಬಿ ಕೆಡವಿತು. ಅಜ್ಜಿ ಬೈದರು, ನಾನು ಬೈಯಬೇಡಿ ಎಂದೆ. ಆ ಸದ್ದಿಗಾಗಿಯೇ ಒಂದು ತಿಂಗಳು ಕಾದಿದ್ದೆ.

"ಮೊದಲು ಛಲೋ ಉಣ್ತಿತ್ರಿ, ವರ್ಷ ತುಂಬಿದ ಮ್ಯಾಲೆ ಬಿಟ್ಟೈತ್ರಿ" ಎಂದು ಬರುವ ತಾಯಂದಿರು ಬಹಳ. ಇದಕ್ಕೆ ಬಹಳಷ್ಟು ಸಲ ರೋಗ ಕಾರಣವಲ್ಲ. ಹುಟ್ಟಿದಾಗ ಮೂರು ಕಿಲೋ ಇದ್ದ ಮಗು ವರ್ಷ ತುಂಬುವುದರೊಳಗೆ ಸುಮಾರು ಒಂಬತ್ತು ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಿ ಹೆಚ್ಚಾಗುವುದು ಎರಡು-ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ಇಳಿದಾಗ ಹಸಿವೆಯೂ ಇಳಿಯುತ್ತದೆ. ನಾವು ಗಾಬರಿಯಾಗಿ ಕೈಕಾಲು ಹಿಡಿದು ಬಾಯಿಗೆ ತುರುಕುತ್ತೇವೆ. ಏನು ಕೊಡಬೇಕು, ಎಷ್ಟು ಹೊತ್ತಿಗೆ ಕೊಡಬೇಕು ಎಂಬುದು ನಮ್ಮ ಕೈಯಲ್ಲಿರಲಿ. ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ. ತೂಕ ಏರುತ್ತಿದೆಯೋ ಇಲ್ಲವೋ ಎಂಬುದನ್ನು ಪಕ್ಕದ ಮನೆಯ ಮಗುವನ್ನು ನೋಡಿ ತೀರ್ಮಾನಿಸಬೇಡಿ, ತಾಯಿ ಕಾರ್ಡಿನಲ್ಲಿಯ ಗೆರೆಯನ್ನು ನೋಡಿ ತೀರ್ಮಾನಿಸಿ.

ಮೊಬೈಲ್ ತೋರಿಸಿ ಉಣ್ಣಿಸುವ ವಿಷಯದಲ್ಲಿ ನಿಮಗೆ ಬುದ್ಧಿ ಹೇಳುವ ಮುಂಚೆ ನನ್ನ ತಪ್ಪು ಒಪ್ಪಿಕೊಳ್ಳಬೇಕು. ನನ್ನ ಮಗನಿಗೆ ಎರಡು ವರ್ಷವಿದ್ದಾಗ ನಾನೂ ಹಾಗೆಯೇ ಮಾಡಿದೆ. ದವಾಖಾನೆಯಿಂದ ದಣಿದು ಬಂದಿರುತ್ತಿದ್ದೆ, ಬೇಗ ಊಟ ಮುಗಿದರೆ ಸಾಕಾಗಿತ್ತು. ಆರು ತಿಂಗಳಲ್ಲಿ ಮೊಬೈಲ್ ಇಲ್ಲದಿದ್ದರೆ ಬಾಯಿಯೇ ತೆರೆಯದಂತಾದ. ಬಾಯಲ್ಲಿ ಏನು ಬಿತ್ತೆಂದು ಕೇಳಿದರೆ ಅವನಿಗೆ ಗೊತ್ತಿರುತ್ತಿರಲಿಲ್ಲ. ಬಿಡಿಸಲು ನಮಗೆ ಮೂರು ವಾರ ಹಿಡಿಯಿತು, ಅಷ್ಟೂ ದಿನ ಮನೆಯಲ್ಲಿ ರಣರಂಗ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ಮೊಬೈಲ್, ಟಿವಿ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿನ ಒಳಗೆ. ಅದೇ ಸಂಸ್ಥೆ ಇನ್ನೊಂದು ಮಾತನ್ನೂ ಹೇಳಿದೆ: ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಟ್ಟು ಮೂರು ತಾಸು ಮೈ ಆಡಿಸಬೇಕು. ಓಡಬೇಕು, ಹತ್ತಬೇಕು, ಬೀಳಬೇಕು.

ಹೊರಗೆ ಆಡಿ ಬಂದ ಮಗು ಕೇಳಿ ಉಣ್ಣುತ್ತದೆ. ಹಸಿವೆಗೆ ಇದಕ್ಕಿಂತ ಅಗ್ಗದ ಟಾನಿಕ್ ನನಗೆ ಗೊತ್ತಿಲ್ಲ. ಬಿಸಿಲು ಚರ್ಮಕ್ಕೆ ತಾಗಿದರೆ ಎಲುಬಿಗೆ ಬೇಕಾದ ಡಿ ಜೀವಸತ್ವ ತಯಾರಾಗುತ್ತದೆ. ಶಾಲೆಯ ಮಕ್ಕಳು ದಿನಕ್ಕೆ ಸುಮಾರು ಎರಡು ತಾಸು ಬಯಲ ಬೆಳಕಿನಲ್ಲಿ ಇದ್ದರೆ ದೂರದ ವಸ್ತು ಮಬ್ಬಾಗಿ ಕಾಣುವ ದೃಷ್ಟಿದೋಷ ಕಡಿಮೆ ಎಂದು ಕಂಡುಬಂದಿದೆ. ಮಾರ್ಚಿನಿಂದ ಮೇವರೆಗೆ ನಮ್ಮ ಕಡೆ ಬಿಸಿಲು ಖಡಕ್. ಆಗ ಬೆಳಗ್ಗೆ ಹತ್ತರೊಳಗೆ, ಸಂಜೆ ಐದರ ಮೇಲೆ ಬಿಡಿ. ಕಾಲಿಗೆ ಚಪ್ಪಲಿ ಇರಲಿ, ಕೊಕ್ಕೆಹುಳು ಬರಿಗಾಲಿನಿಂದಲೇ ಒಳಗೆ ಹೋಗುತ್ತದೆ.

ನಾನು ಹುಡುಗನಾಗಿದ್ದಾಗ ನಮಗೆ ಪ್ರವಾಸ ಎಂಬ ಮಾತೇ ಗೊತ್ತಿರಲಿಲ್ಲ. ಶೀಗಿ ಹುಣ್ಣಿಮೆ ಗೊತ್ತಿತ್ತು. ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮನೆಯ ಹೆಂಗಸರು ನಸುಕಿನಲ್ಲಿಯೇ ಎದ್ದು ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿ ಪಲ್ಯ, ಮೊಸರನ್ನ ಮಾಡಿ ಬುಟ್ಟಿಯಲ್ಲಿ ತುಂಬುತ್ತಿದ್ದರು. ಚಕ್ಕಡಿಗೆ ಎತ್ತು ಹೂಡಿ ಹೊಲಕ್ಕೆ ಹೋಗುವುದು. ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ. ನಂತರ ಅಪ್ಪ ಮುಂದೆ, ನಾವು ಹಿಂದೆ, ಹೊಲದ ಸುತ್ತ ಚರಗ ಚೆಲ್ಲುತ್ತ ಕೂಗುತ್ತ ತಿರುಗುತ್ತಿದ್ದೆವು. ಭೂಮಿತಾಯಿಗೆ ಉಣ್ಣಿಸಿದ ಮೇಲೆ ನಮ್ಮ ಸರದಿ. ಮನೆಯಲ್ಲಿ ಪುಂಡಿ ಪಲ್ಯ ಮುಟ್ಟದ ನಾನು ಅಲ್ಲಿ ಎರಡು ರೊಟ್ಟಿ ಉಣ್ಣುತ್ತಿದ್ದೆ. ಈಗಲೂ ಈ ಹಬ್ಬ ನಮ್ಮಲ್ಲಿ ಉಳಿದಿದೆ. ಹೊಲ ಇಲ್ಲದವರು ಹೊಲ ಇದ್ದವರ ಜೊತೆ ಹೋಗುವ ರೂಢಿಯೂ ಇದೆ. ಈ ದಿನ ಮಕ್ಕಳನ್ನು ಶಾಲೆ ತಪ್ಪುತ್ತದೆಂದು ಬಿಟ್ಟು ಹೋಗಬೇಡಿ ಎಂದರೆ ಮಾಸ್ತರರು ನನ್ನ ಮೇಲೆ ಸಿಟ್ಟಾಗಬಹುದು.

ಆದರೆ ಇದೇ ಹಬ್ಬದ ದಿನ ನಡೆದ ಒಂದು ಘಟನೆಯನ್ನು ಹೇಳದೆ ಇರಲಾರೆ. ಕೆಲವು ವರ್ಷಗಳ ಹಿಂದೆ ಸಂಜೆಯ ಹೊತ್ತಿಗೆ ಎರಡು ವರ್ಷದ ಒಂದು ಗಂಡು ಮಗುವನ್ನು ಟಂಟಂನಲ್ಲಿ ತಂದರು. ಹೊಸ ಶೇಂಗಾ ಕಿತ್ತ ಕಾಲ ಅದು. ಹೊಲದಲ್ಲಿ ಎಲ್ಲರೂ ಶೇಂಗಾ ಸುಟ್ಟು ತಿನ್ನುತ್ತಿದ್ದರು. ಯಾರೋ ಪ್ರೀತಿಯಿಂದ ಮಗುವಿನ ಕೈಗೂ ನಾಲ್ಕು ಕಾಳು ಹಾಕಿದರು. ಮಗು ತಿನ್ನುತ್ತ ಓಡಿತು, ಎಡವಿತು, ಒಂದೇ ಸಮನೆ ಕೆಮ್ಮಿತು, ಮುಖ ನೀಲಿಯಾಯಿತು, ಮತ್ತೆ ಸರಿಯಾಯಿತು. ಸರಿಯಾಯಿತೆಂದು ಮನೆಯವರು ಊಟ ಮುಂದುವರಿಸಿದರು. ಸಂಜೆ ಉಸಿರು ಗೊರಗೊರ ಎನ್ನತೊಡಗಿತು. ಎದೆಗೆ ಕೊಳವೆ ಇಟ್ಟು ಕೇಳಿದರೆ ಬಲಗಡೆ ಗಾಳಿ ಹೋಗುವ ಸದ್ದೇ ಕಡಿಮೆ. ಅರ್ಧ ಕಾಳು ಶ್ವಾಸನಾಳದ ಕವಲಿನಲ್ಲಿ ಕುಳಿತಿತ್ತು. ರಾತ್ರೋರಾತ್ರಿ ಹುಬ್ಬಳ್ಳಿಗೆ ಕಳಿಸಿದೆವು, ದುರ್ಬೀನು ಹಾಕಿ ತೆಗೆದರು, ಮಗು ಬದುಕಿತು. ಅವರು ಮರುದಿನ ನೋಡೋಣ ಎಂದಿದ್ದರೆ ನಾನು ಇವತ್ತು ಈ ಕಥೆಯನ್ನು ಬೇರೆ ರೀತಿ ಹೇಳಬೇಕಾಗುತ್ತಿತ್ತು.

ಐದು ವರ್ಷದ ಒಳಗಿನ ಮಕ್ಕಳಿಗೆ ಇಡೀ ಶೇಂಗಾ ಕಾಳು, ಪುಟಾಣಿ, ಹುರಿಗಡಲೆ, ಬಟಾಣಿ, ಗಟ್ಟಿ ಪೆಪ್ಪರಮಿಂಟು ಕೊಡಬೇಡಿ. ಅವರಿಗೆ ಅರೆಯುವ ದವಡೆ ಹಲ್ಲು ಪೂರ್ತಿ ಬಂದಿರುವುದಿಲ್ಲ, ಬಂದರೂ ನುಂಗುವ ಹದ ತಿಳಿದಿರುವುದಿಲ್ಲ. ಶೇಂಗಾ ಬಿಡಬೇಕಾಗಿಲ್ಲ, ನೂರು ಗ್ರಾಂನಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಇರುವ ವಸ್ತು ಅದು. ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿ, ನುಣ್ಣಗೆ ಕುಟ್ಟಿ ಮೆತ್ತಗಿನ ಉಂಡಿ ಮಾಡಿ, ಹೋಳಿಗೆ ಮಾಡಿ. ಕುಳಿತು ತಿನ್ನಲಿ, ಓಡುತ್ತ ನಗುತ್ತ ಬೇಡ.

ಹಾಗೆ ಸಿಕ್ಕಿಕೊಂಡರೆ ಏನು ಮಾಡಬೇಕು? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಅದೇ ಹೊರಗೆ ಹಾಕುತ್ತದೆ. ಕೆಮ್ಮಲೂ ಅಳಲೂ ಆಗದೆ ನೀಲಿಯಾಗುತ್ತಿದ್ದರೆ ತಡ ಮಾಡಬೇಡಿ. ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಕೆಳಗಿರುವಂತೆ ಹಿಡಿದು, ಎರಡು ಹೆಗಲ ಎಲುಬಿನ ನಡುವೆ ಅಂಗೈಯ ಹಿಮ್ಮಡಿಯಿಂದ ಐದು ಸಲ ಹೊಡೆಯಿರಿ. ಬೀಳದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಿರಿ. ವರ್ಷ ದಾಟಿದ ಮಗುವಿಗೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಐದು ಏಟು. ಆಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಜಗ್ಗಿ. ಹೊರಬೀಳುವವರೆಗೆ ಇವೆರಡನ್ನೂ ಒಂದರ ಹಿಂದೆ ಒಂದು ಮಾಡುತ್ತಿರಿ, ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮಗು ಸರಿಯಾದಂತೆ ಕಂಡರೂ ಅದೇ ದಿನ ದವಾಖಾನೆಗೆ ತನ್ನಿ. ಸಭೆ ಮುಗಿದ ಮೇಲೆ ಸಿಸ್ಟರು ಗೊಂಬೆಯ ಮೇಲೆ ಇದನ್ನು ಮಾಡಿ ತೋರಿಸುತ್ತಾರೆ. ನೋಡಿಕೊಂಡೇ ಹೋಗಿ, ಅಜ್ಜಿಯಂದಿರು ಮುಖ್ಯವಾಗಿ.

ಹೊಲಕ್ಕೆ ಹೋದಾಗ ಕೃಷಿ ಹೊಂಡದ ಕಡೆ ಮಕ್ಕಳನ್ನು ಬಿಡಬೇಡಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರು ದೊಡ್ಡವರನ್ನೇ ಜಾರಿಸುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಬೆಳೆಗೆ ಹೊಡೆಯುವ ಎಣ್ಣೆಯನ್ನು ನೀರಿನ ಬಾಟಲಿಗೆ ಸುರಿದು ಗುಡಿಸಲಿನಲ್ಲಿ ಇಡುವುದನ್ನು ಇವತ್ತೇ ಬಿಡಿ.

ಹೊಲದ ಆಚೆಗೂ ನಮ್ಮ ಸುತ್ತ ಮಕ್ಕಳಿಗೆ ತೋರಿಸುವಂಥದ್ದು ಬೇಕಾದಷ್ಟಿದೆ. ಕನಕದಾಸರ ಕಾಗಿನೆಲೆ ನಮ್ಮ ತಾಲೂಕಿನದೇ. ಅಲ್ಲಿಯ ಉದ್ಯಾನದಲ್ಲಿ ಒಂದು ಸಂಜೆ ಕಳೆಯಬಹುದು. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, ಸುಮಾರು 119 ಚದರ ಕಿಲೋಮೀಟರ್ ಇದೆ. ಬಂಕಾಪುರದ ಕೋಟೆಯೊಳಗೆ ನವಿಲುಗಳಿವೆ, ಅರವತ್ತು ಕಂಬದ ಗುಡಿಯಿದೆ. ಚೌಡದಾನಪುರದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಹಳೆಯ ಗುಡಿ ಇದೆ, ನದಿಯ ಹತ್ತಿರ ಮಾತ್ರ ಮಗುವಿನ ಕೈ ಬಿಡಬಾರದು. ಬುತ್ತಿ ಕಟ್ಟಿಕೊಂಡು ಹೋಗಿ. ಬಸ್ಸಿನ ಚಾರ್ಜು ಬಿಟ್ಟರೆ ಹೆಚ್ಚು ಖರ್ಚಿಲ್ಲ. ಅಲ್ಲಿ ಹೋಗಿ ಮತ್ತೆ ಪಾಕೀಟು ಕೊಡಿಸಿದರೆ ನಾನೇನು ಮಾಡಲಿ! ಇದಕ್ಕೂ ಪುರುಸೊತ್ತಿಲ್ಲದವರು ಸಂಜೆ ಅರ್ಧ ತಾಸು ಓಣಿಯ ಮಕ್ಕಳ ಜೊತೆ ಬಿಟ್ಟು, ಕಟ್ಟೆಯ ಮೇಲೆ ಕುಳಿತು ನೋಡಿಕೊಳ್ಳಿ.

ತಂದೆಯಂದಿರಿಗೆ ಒಂದೇ ಮಾತು. ದಿನದಲ್ಲಿ ಒಂದು ಊಟವನ್ನಾದರೂ ಮಗುವಿನ ಪಕ್ಕ ಕುಳಿತು ಮಾಡಿ. ರಾತ್ರಿ ಎಂಟರೊಳಗೆ ಆದರೆ ಉತ್ತಮ. ಮೂರು-ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ದೆ ಸೇರಿಸಿ 10ರಿಂದ 13 ತಾಸು ನಿದ್ದೆ ಬೇಕು. ಅಪ್ಪ ಸೊಪ್ಪಿನ ಪಲ್ಯ ಬದಿಗೆ ಸರಿಸಿ ಮಿರ್ಚಿ ತಿಂದರೆ ಮಗುವೂ ಅದನ್ನೇ ಕಲಿಯುತ್ತದೆ.

ತೊಟ್ಟು ಬಿಡಿಸುವ ಕೆಲಸದಿಂದ ಬರುವ ತಾಯಂದಿರಿಗೆ ಕೊನೆಯದಾಗಿ. ಬಂದ ಕೂಡಲೇ ಕೂಸು ಓಡಿ ಬಂದು ಅಪ್ಪಿಕೊಳ್ಳುತ್ತದೆ, ಬೇಡ ಎನ್ನಲು ಮನಸ್ಸು ಬರುವುದಿಲ್ಲ. ಆದರೆ ಸೀರೆಯ ತುಂಬ ಘಾಟು, ಬೆರಳ ತುಂಬ ಖಾರ ಇರುತ್ತದೆ. ಖಾರ ಬರಿ ನೀರಿಗೆ ಹೋಗುವುದಿಲ್ಲ. ಮೊದಲು ಕೈಗೆ ಕೊಬ್ಬರಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಚೆನ್ನಾಗಿ ತಿಕ್ಕಿ, ನಂತರ ಸಾಬೂನಿನಿಂದ ಎರಡು ಸಲ ತೊಳೆಯಿರಿ. ಸೀರೆ ಬದಲಿಸಿ. ಆಮೇಲೆ ಎತ್ತಿಕೊಳ್ಳಿ, ಹಾಲು ಕುಡಿಸಿ. ಮಗುವಿನ ಕಣ್ಣಿಗೆ ಖಾರ ತಗುಲಿದರೆ ತಣ್ಣೀರಿನಿಂದ ಹತ್ತು-ಹದಿನೈದು ನಿಮಿಷ ತೊಳೆಯುತ್ತಲೇ ಇರಿ, ಬೇರೇನೂ ಹಾಕಬೇಡಿ, ಉರಿ ಇಳಿಯದಿದ್ದರೆ ಕರೆತನ್ನಿ.

ಹೊರಗೆ ವರಾಂಡದಲ್ಲಿ ತೂಕದ ಯಂತ್ರ ಇಟ್ಟಿದ್ದಾರೆ. ತಾಯಿ ಕಾರ್ಡು ತಂದವರು ತೂಕ ಬರೆಸಿಕೊಳ್ಳಿ. ಐದು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿ ಕೊಡುವ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತದೆ, ಕೇಳಿ ಪಡೆಯಿರಿ. ಜಂತಿನ ಮಾತ್ರೆ ಫೆಬ್ರುವರಿ ಮತ್ತು ಆಗಸ್ಟ್ ತಿಂಗಳಲ್ಲಿ ಅಂಗನವಾಡಿ, ಶಾಲೆಗಳಲ್ಲಿ ಕೊಡುತ್ತಾರೆ, ತಪ್ಪಿಸಬೇಡಿ. ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತ ತಾಯಿ, ನಿಮ್ಮ ಮಗು ಆಗಿನಿಂದ ನೆಲದ ಸುಣ್ಣ ಕೆರೆದು ಬಾಯಿಗೆ ಹಾಕುತ್ತಿದೆ. ಬೈಯಬೇಡಿ. ನನ್ನ ಹತ್ತಿರ ಮೊದಲು ನೀವು ಬನ್ನಿ.